ಕೊಲಾಜನ್ ಸಂಶೋಧನೆಗೆ ಎರಡು ವರ್ಷದ ಅಳತೆ ಸಾಲದು

ಚರ್ಮ, ಮೂಳೆ, ಮೃದ್ವಸ್ಥಿಗಳಿಗೆ ಬಲ ಕೊಡುವ ಕೊಲಾಜನ್ ಪ್ರೋಟೀನಿನ ಅಧ್ಯಯನಕ್ಕೆಂದೇ 1981ರಲ್ಲಿ ‘ಕೊಲಾಜನ್ ಅಂಡ್ ರಿಲೇಟೆಡ್ ರಿಸರ್ಚ್’ ಎಂಬ ಪತ್ರಿಕೆ ಆರಂಭವಾಯಿತು. 1989ರಲ್ಲಿ ಅದು ‘ಮ್ಯಾಟ್ರಿಕ್ಸ್’ ಆಯಿತು, 1994ರಲ್ಲಿ ‘ಮ್ಯಾಟ್ರಿಕ್ಸ್ ಬಯಾಲಜಿ’. ಹೆಸರು ಎರಡು ಸಲ ಬದಲಾದರೂ ಸಂಪುಟಗಳ ಎಣಿಕೆ ಕಡಿಯಲಿಲ್ಲ. ‘ಮ್ಯಾಟ್ರಿಕ್ಸ್’ ಒಂಬತ್ತನೆಯ ಸಂಪುಟದಿಂದ ಶುರುವಾದರೆ, ‘ಮ್ಯಾಟ್ರಿಕ್ಸ್ ಬಯಾಲಜಿ’ ಹದಿನಾಲ್ಕರಿಂದ. ಈ ಅವಧಿಯಲ್ಲಿ ಸಂಯೋಜಕ ಅಂಗಾಂಶದ ಅಧ್ಯಯನವೇ ಹಿಗ್ಗಿತು. ಫೈಬ್ರೊನೆಕ್ಟಿನ್, ಲ್ಯಾಮಿನಿನ್‌ಗಳಂಥ ಪ್ರೋಟೀನುಗಳೂ ಅವುಗಳನ್ನು ಹಿಡಿದುಕೊಳ್ಳುವ ಇಂಟೆಗ್ರಿನ್‌ಗಳೂ ಚರ್ಚೆಗೆ ಬಂದವು. ಜೀವಕೋಶದ ಸುತ್ತಲಿನ ಜಾಲ ಬರೀ ಆಧಾರವಲ್ಲ, ಕೋಶದ ನಡವಳಿಕೆಯನ್ನೂ ಅದು ನಿರ್ದೇಶಿಸುತ್ತದೆ ಎಂಬುದು ಸ್ಪಷ್ಟವಾಯಿತು. ಇಂಥ ಪತ್ರಿಕೆಯ ಪ್ರಭಾವವನ್ನು ದಶಕಗಳ ಹರವಿನಲ್ಲಿ ಹುಡುಕಬೇಕೇ ಹೊರತು ವರ್ಷಕ್ಕೊಮ್ಮೆ ಪ್ರಕಟವಾಗುವ ಇಂಪ್ಯಾಕ್ಟ್ ಫ್ಯಾಕ್ಟರ್‌ನಲ್ಲಲ್ಲ ಎಂಬುದು ನನ್ನ ವಾದ.

ಯೂಜೀನ್ ಗಾರ್ಫೀಲ್ಡ್ 1955ರಲ್ಲಿ ಮುಂದಿಟ್ಟ ಆಲೋಚನೆಯಿಂದ ಬೆಳೆದ ಈ ಲೆಕ್ಕ ಸರಳವಾದದ್ದು. ಹಿಂದಿನ ಎರಡು ವರ್ಷಗಳಲ್ಲಿ ಪತ್ರಿಕೆ ಪ್ರಕಟಿಸಿದ ಲೇಖನಗಳಿಗೆ ಈ ವರ್ಷ ಬಂದ ಉಲ್ಲೇಖಗಳನ್ನು ಆ ಲೇಖನಗಳ ಸಂಖ್ಯೆಯಿಂದ ಭಾಗಿಸುತ್ತಾರೆ. ಕೊಲಾಜನ್ನಿನ ಚರಿತ್ರೆ ಈ ಚೌಕಟ್ಟಿಗೆ ಒಗ್ಗುವುದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಿಂದ ಮದ್ರಾಸಿಗೆ ಹೋಗಿದ್ದ ಜಿ.ಎನ್. ರಾಮಚಂದ್ರನ್, ಗೋಪಿನಾಥ್ ಕರ್ತಾ ಅವರೊಡನೆ 1954ರಲ್ಲಿ ಕೊಲಾಜನ್ನಿಗೆ ಮೂರೆಳೆಯ ರಚನೆಯನ್ನು ಸೂಚಿಸಿದರು. ಮರುವರ್ಷ ಆ ಎಳೆಗಳನ್ನು ಒಂದರ ಸುತ್ತ ಒಂದು ಹೊಸೆದು ಮಾದರಿಯನ್ನು ತಿದ್ದಿದರು. ಎಳೆಗಳು ಒತ್ತಾಗಿ ಕೂರಬೇಕಾದರೆ ಪ್ರತಿ ಮೂರನೆಯ ಸ್ಥಾನದಲ್ಲಿ ಅತಿ ಚಿಕ್ಕ ಅಮೈನೊ ಆಮ್ಲವಾದ ಗ್ಲೈಸೀನ್ ಇರಲೇಬೇಕು. ಪ್ರತಿ ಮೂರು ಅಮೈನೊ ಆಮ್ಲಗಳಿಗೆ ಎಳೆಗಳ ನಡುವಿನ ಹೈಡ್ರೋಜನ್ ಬಂಧ ಒಂದೋ ಎರಡೋ ಎಂಬ ಬಗ್ಗೆ ವಿಜ್ಞಾನಿಗಳಾದ ರಿಚ್ ಮತ್ತು ಕ್ರಿಕ್ ಬೇರೆ ಅಭಿಪ್ರಾಯ ಮಂಡಿಸಿದರು. ಕೊಲಾಜನ್ ಮಾದರಿಯ ಪೆಪ್ಟೈಡೊಂದರ ಸ್ಫಟಿಕದಲ್ಲಿ ಮೂರೆಳೆಯ ಸುರುಳಿ ಪರಮಾಣುಗಳ ಮಟ್ಟದಲ್ಲಿ ಕಂಡದ್ದು 1994ರಲ್ಲಿ, ಅಂದರೆ ನಲವತ್ತು ವರ್ಷಗಳ ಮೇಲೆ. ಅಷ್ಟು ದೀರ್ಘವಾದ ಜಿಜ್ಞಾಸೆಯಲ್ಲಿ ಮೊದಲ ಎರಡು ವರ್ಷದ ಉಲ್ಲೇಖಗಳು ಏನನ್ನು ಹೇಳಿಯಾವು?

ಆ ಲೇಖನಗಳು ಬಂದದ್ದು ‘ನೇಚರ್’, ‘ಸೈನ್ಸ್’ಗಳಲ್ಲಿ, ವಿಶೇಷ ಪತ್ರಿಕೆಯಲ್ಲಲ್ಲ ಎಂದು ಆಕ್ಷೇಪಿಸಬಹುದು. ನಿಜ. ಆದರೆ ವಿಶೇಷ ಪತ್ರಿಕೆಯ ಕೆಲಸ ಬೇರೆ: ವಿಧಾನಗಳನ್ನು, ಪಟ್ಟಿಗಳನ್ನು, ಮರುಪರೀಕ್ಷೆಗಳನ್ನು ಕಾಪಾಡಿ ಇತರರ ಬಳಕೆಗೆ ಒದಗಿಸುವುದು. ಜೀವಕೋಶದ ಸುತ್ತಲಿನ ಜಾಲದ ಪ್ರೋಟೀನುಗಳನ್ನೆಲ್ಲ ವರ್ಗೀಕರಿಸಿ ಅಧ್ಯಯನ ಮಾಡುವ ಸಾಧನಗಳನ್ನು ವಿವರಿಸಿ ಅಲೆಕ್ಸಾಂಡ್ರಾ ನಾಬಾ ಮತ್ತು ಸಂಗಡಿಗರು 2016ರಲ್ಲಿ ಬರೆದ ಲೇಖನ ‘ಮ್ಯಾಟ್ರಿಕ್ಸ್ ಬಯಾಲಜಿ’ಯಲ್ಲೇ ಬಂತು. ಅಂಥ ಲೇಖನದ ಬೆಲೆ ಅದನ್ನು ಬಳಸುವ ಪ್ರಯೋಗಾಲಯಗಳಲ್ಲಿದೆ. ಎಲ್ಲರಿಗೂ ಒಂದೇ ಅಳತೆಗೋಲು ಇದ್ದರೆ ಪಕ್ಷಪಾತ ತಪ್ಪುತ್ತದೆ ಎಂಬ ಇನ್ನೊಂದು ಆಕ್ಷೇಪದಲ್ಲಿ ಹುರುಳಿದೆ; ಐದು ವರ್ಷದ ಲೆಕ್ಕವೂ ಈಗ ಸಿಗುತ್ತದೆ. ಆದರೂ ಅದು ಪತ್ರಿಕೆಯ ಸರಾಸರಿ, ಒಂದು ಲೇಖನದ ಗುಣವಲ್ಲ. ಬೆರಳೆಣಿಕೆಯ ಲೇಖನಗಳು ಉಲ್ಲೇಖಗಳ ದೊಡ್ಡ ಪಾಲನ್ನು ಪಡೆದು ಸರಾಸರಿಯನ್ನು ಏರಿಸುತ್ತವೆ. ಹೀಗಿದ್ದೂ ಅಧ್ಯಾಪಕರ ನೇಮಕಾತಿ, ಬಡ್ತಿಗೆ ಸಂಬಂಧಿಸಿದ ಯುಜಿಸಿಯ 2018ರ ನಿಯಮಾವಳಿ, ಪತ್ರಿಕೆಯ ಇಂಪ್ಯಾಕ್ಟ್ ಫ್ಯಾಕ್ಟರ್ ಒಂದಕ್ಕಿಂತ ಕಡಿಮೆಯಿದ್ದರೆ ಲೇಖನಕ್ಕೆ 10 ಅಂಕವನ್ನೂ ಹತ್ತನ್ನು ಮೀರಿದ್ದರೆ 30 ಅಂಕವನ್ನೂ ಗೊತ್ತುಮಾಡಿತು. ನಮ್ಮ ವಿಶ್ವವಿದ್ಯಾಲಯಗಳ ಆಯ್ಕೆ ಸಮಿತಿಗಳು ಅಂಕ ಹಾಕುವ ಮುನ್ನ ಲೇಖನವನ್ನು ಓದಬೇಕು.