ಶವರಥ ಪರೀಕ್ಷೆ

ನಮ್ಮ ಪ್ರಾಚೀನರು ರತ್ನಪರೀಕ್ಷೆ, ಅಶ್ವಪರೀಕ್ಷೆ ಮೊದಲಾದ ವಿಷಯಗಳನ್ನು ಕುರಿತು ಶಾಸ್ತ್ರಗ್ರಂಥಗಳನ್ನು ರಚಿಸಿದರು. ಶವವನ್ನು ಹೊರುವ ವಾಹನದ ಪರೀಕ್ಷೆಯನ್ನು ಯಾರಾದರೂ ಬರೆದುದನ್ನು ನಾನು ಕಂಡಿಲ್ಲ. ಇದಕ್ಕೆ ಕಾರಣವುಂಟು. ದಹನಸಂಸ್ಕಾರವುಳ್ಳ ನಮ್ಮ ಮನೆಗಳಲ್ಲಿ ಬಿದಿರಿನ ಚಟ್ಟವು ಒಬ್ಬನಿಗಾಗಿ ಸಿದ್ಧವಾಗಿ ಅವನೊಡನೆಯೇ ಮುಗಿಯತಕ್ಕುದು. ಅದು ಹಳೆಯದಾಗುವುದೂ ಇಲ್ಲ, ವಿಕ್ರಯಕ್ಕೆ ಬರುವುದೂ ಇಲ್ಲ. ಪಾಶ್ಚಾತ್ಯರ ಶವರಥವಾದರೋ ಪ್ರತಿಸಲವೂ ಸ್ಮಶಾನದಿಂದ ಬರಿದಾಗಿ ಹಿಂದಿರುಗುತ್ತದೆ, ಕಾಲಕ್ರಮದಲ್ಲಿ ಮುಪ್ಪಾಗುತ್ತದೆ, ಕಡೆಗೊಂದು ದಿನ ಮಾರಾಟಕ್ಕೆ ನಿಲ್ಲುತ್ತದೆ. ಆಗ ಅದರ ಯೋಗ್ಯತೆಯನ್ನು ಅಳೆಯುವ ಬಗೆ ಹೇಗೆ?

ಮೊದಲು ಅದರ ಪೂರ್ವೋತ್ತರವನ್ನು ತಿಳಿಯೋಣ. ಇಂಗ್ಲಿಷರು ಶವರಥವನ್ನು 'ಹರ್ಸ್' ಎನ್ನುವರು. ಈ ಮಾತು ಫ್ರೆಂಚ್ ಭಾಷೆಯಿಂದ ಬಂದುದು. ಅಲ್ಲಿ ಅದಕ್ಕೆ ಹೊಲದ ಹಲುಬೆಯೆಂದು ಅರ್ಥ. ಮಧ್ಯಯುಗದಲ್ಲಿ ಇಗರ್ಜಿಯೊಳಗೆ ಶವಪೆಟ್ಟಿಗೆಯ ಮೇಲೆ ಮೇಣದ ಬತ್ತಿಗಳನ್ನು ಸಿಕ್ಕಿಸುವ ಚೌಕಟ್ಟನ್ನು ನಿಲ್ಲಿಸುತ್ತಿದ್ದರು. ಅದರ ಮೊಳೆಗಳು ಹಲುಬೆಯ ಹಲ್ಲುಗಳನ್ನು ಹೋಲುತ್ತಿದ್ದುದರಿಂದ ಆ ಹೆಸರು ಬಂದಿತು. ಬಳಿಕ ಅದು ರಥಕ್ಕೂ ಸಂದಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಕುದುರೆಗಳು ಎಳೆಯುವ, ಗಾಜಿನ ಪಕ್ಕಗಳ, ಕೆತ್ತನೆಯ ಕಂಬಗಳ ಶವರಥಗಳು ಮೆರೆದುವು. 1909ರಲ್ಲಿ ಅಮೆರಿಕಾದ ಸಿನ್ಸಿನಾಟಿ ನಗರದ ಕ್ರೇನ್ ಮತ್ತು ಬ್ರೀಡ್ ಸಂಸ್ಥೆಯವರು ಮೋಟಾರು ಶವರಥವನ್ನು ಮಾರಾಟಕ್ಕೆ ತಂದರು.

ಅಮೆರಿಕಾದ ಮೋಟಾರು ಶವರಥಗಳಿಗೆ ಬಹುಮಟ್ಟಿಗೆ ಇಬ್ಬರು ಶಿಲ್ಪಿಗಳು. ಕ್ಯಾಡಿಲ್ಯಾಕ್, ಪ್ಯಾಕಾರ್ಡ್ ಮೊದಲಾದ ಕಂಪನಿಗಳು ಎಂಜಿನ್ನನ್ನೂ ನೀಳವಾದ ಚಾಸಿಸನ್ನೂ ಒದಗಿಸುತ್ತಿದ್ದುವು. ಹೆನ್ನಿ, ಸುಪೀರಿಯರ್, ಮಿಲ್ಲರ್-ಮೀಟಿಯರ್ ಮುಂತಾದವರು ಅದರ ಮೇಲೆ ಒಡಲನ್ನು ಕಟ್ಟುತ್ತಿದ್ದರು. 1959ರ ಸಾಮಾನ್ಯ ಕ್ಯಾಡಿಲ್ಯಾಕ್ ಕಾರಿನ ಮುಂದಿನ ಹಿಂದಿನ ಗಾಲಿಗಳ ನಡುವಿನ ಅಂತರ 130 ಅಂಗುಲ. ಅದೇ ವರ್ಷದ ಶವರಥದ ಚಾಸಿಸಿನಲ್ಲಿ ಅದು 156 ಅಂಗುಲ. ಪರೀಕ್ಷೆಯ ಮರ್ಮವೆಲ್ಲ ಈ ದ್ವಿಕರ್ತೃತ್ವದಲ್ಲಿ ಅಡಗಿದೆ.

ಕೊಳ್ಳುವವನು ಸಹಜವಾಗಿ ಮುಂಭಾಗದ ಥಳುಕಿಗೆ ಮರುಳಾಗುವನು. ಆದರೆ ಮುಂಭಾಗವೂ ಎಂಜಿನ್ನೂ ಅದೇ ಕಂಪನಿಯ ಇತರ ಕಾರುಗಳಿಗೆ ಹೆಚ್ಚಾಗಿ ಸಮಾನವಾದುವು. ಬದಲಿ ಭಾಗಗಳು ಹುಡುಕಿದರೆ ದೊರೆತಾವು. ಹಿಂಭಾಗದ ನೀಳವಾದ ಗಾಜು, ಅಗಲವಾದ ಬಾಗಿಲು, ಅದರ ಕೀಲುಗಳು ಇವು ಕೆಲವೇ ರಥಗಳಿಗಾಗಿ ಮಾಡಿದುವು. ಕೆಟ್ಟರೆ ಮತ್ತೆ ಸಿಕ್ಕುವುದು ದುರ್ಲಭ. ಆದಕಾರಣ ಪರೀಕ್ಷೆಯನ್ನು ಹಿಂದಿನಿಂದ ಪ್ರಾರಂಭಿಸತಕ್ಕುದು. ಬಾಗಿಲ ಕೆಳಗಿನ ಅಂಚುಗಳನ್ನೂ ಶವಪೆಟ್ಟಿಗೆಯ ಹಲಗೆಯ ಅಡಿಯನ್ನೂ ತುಕ್ಕಿಗಾಗಿ ನೋಡಬೇಕು. ಅಯಸ್ಕಾಂತವನ್ನು ಬಣ್ಣದ ಮೇಲೆ ಸರಿಸಿದರೆ, ಪುಟ್ಟಿ ಮೆತ್ತಿ ಮುಚ್ಚಿದ ಕಡೆ ಅದು ಹಿಡಿಯುವುದಿಲ್ಲ. ಹಿಂದಿನ ಕಾಲದ ರಥಗಳಲ್ಲಿ ಉಕ್ಕಿನ ಹೊದಿಕೆಯೊಳಗೆ ಮರದ ಹಂದರವಿರುವುದು. ಬಾಗಿಲು ಜೋತುಬಿದ್ದಿದ್ದರೆ ಆ ಮರ ಸಡಿಲಿದೆಯೆಂದೋ ಕೊಳೆತಿದೆಯೆಂದೋ ಶಂಕಿಸಬೇಕು.

ಮೈಲಿಗಳ ಲೆಕ್ಕ ಕಡಿಮೆಯೆಂದು ಹಿಗ್ಗುವುದೂ ತರವಲ್ಲ. ಶವರಥವು ಸ್ವಲ್ಪ ದೂರ, ಮಂದಗತಿಯಿಂದ ಹೋಗತಕ್ಕ ವಾಹನ. ಉಳಿದ ಕಾಲವೆಲ್ಲ ನಿಂತಿರುವುದು. ನಿಂತ ವಾಹನದಲ್ಲಿ ಪೆಟ್ರೋಲು ಅಂಟಾಗುತ್ತದೆ, ರಬ್ಬರು ಬಿರಿಯುತ್ತದೆ, ಬ್ರೇಕು ತುಕ್ಕು ಹಿಡಿಯುತ್ತದೆ. ಬಳಕೆಯಿಂದ ಸವೆಯುವುದಕ್ಕಿಂತ ಜಡತೆಯಿಂದ ಕೆಡುವುದು ಹೆಚ್ಚು. ನಿವೃತ್ತರಾದ ನಮ್ಮಂಥವರಿಗೆ ಇದನ್ನು ಬಿಡಿಸಿ ಹೇಳಬೇಕಾದುದಿಲ್ಲ!

ಇನ್ನು ಬೆಲೆಯ ಮಾತು. ಶವರಥವು ಅದೇ ವರ್ಷದ ವಿಲಾಸದ ಕಾರಿಗಿಂತ ವಿರಳವಾದರೂ ಸಾಮಾನ್ಯವಾಗಿ ಅಗ್ಗ. ಇರಿಸಲು ದೊಡ್ಡ ಕೊಟ್ಟಿಗೆ ಬೇಕು, ದುರಸ್ತಿಯ ವೆಚ್ಚ ಕ್ರಯವನ್ನು ಮೀರುವುದೂ ಉಂಟು. 1959ರ ಮಿಲ್ಲರ್-ಮೀಟಿಯರಿನ ಮಾತು ಬೇರೆ. 1984ರ 'ಘೋಸ್ಟ್‌ಬಸ್ಟರ್ಸ್' ಚಲನಚಿತ್ರದಲ್ಲಿ ಕಾಣಿಸಿಕೊಂಡು ಅದು ಲೋಕಪ್ರಸಿದ್ಧವಾಯಿತು. ಕೆಲವರು ಹಳೆಯ ಶವರಥಕ್ಕೆ ತಲೆಬುರುಡೆಯ ಚಿತ್ರ ಬರೆದು ವಿನೋದದ ವಸ್ತುವಾಗಿ ಮಾಡುವರು. ಹಾಗೆ ಕಳಚಿದ ಪರದೆ, ಉರುಳೆಗಳು ಮರಳಿ ದೊರೆಯುವುದಿಲ್ಲ.

ಓಲೆಗರಿಯ ಪ್ರತಿಯಲ್ಲಿ ಅಳಿದ ಅಕ್ಷರವನ್ನು ತನ್ನ ಊಹೆಯಿಂದ ತುಂಬಿದ ಲಿಪಿಕಾರನಿಗಿಂತ, ಅಳಿದುದನ್ನು ಅಳಿದಂತೆಯೇ ಬಿಟ್ಟವನು ನಮಗೆ ಹೆಚ್ಚಿನ ಉಪಕಾರಿ. ಇಲ್ಲಿಯೂ ಹಾಗೆಯೇ. ತುಕ್ಕನ್ನು ತಡೆಯುವುದು ರಕ್ಷಣೆ. ಮಾಸಿದ ಪರದೆಯನ್ನು ಕಿತ್ತೆಸೆದು ಹೊಸದನ್ನು ಹಾಕುವುದು ಸಾಕ್ಷ್ಯನಾಶ. ಆ ರಥದಲ್ಲಿ ಹೋದವರ ಹೆಸರುಗಳು ಅದರ ಮೇಲೆ ಎಲ್ಲಿಯೂ ಬರೆದಿಲ್ಲ. ಪೆಟ್ಟಿಗೆಯನ್ನು ಒಳಸರಿಸುವ ಉರುಳೆಗಳ ಸವೆತವೊಂದೇ ಅವರ ಲೆಕ್ಕ. ಅದನ್ನು ದೋಷವೆಂದೆಣಿಸಿ ಬೆಲೆ ತಗ್ಗಿಸುವವನು ಆ ವಾಹನವನ್ನು ಕೊಳ್ಳದಿರುವುದೇ ಲೇಸು.