ಕೋಟೆ ಕಾಯಲಿಲ್ಲ

ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆಗೆ ಮಕ್ಕಳನ್ನು ಕರೆದೊಯ್ದಾಗ ಹುಡುಗಿಯೊಬ್ಬಳು ಕೇಳಿದಳು: “ಟೀಚರ್, ಇಂಥ ಗೋಡೆ ಇದ್ದೂ ಪಾಳೇಗಾರರು ಯಾಕೆ ಉಳಿಯಲಿಲ್ಲ?”

ಅವರಿಗಿಂತ ದೊಡ್ಡವರಾದ ಹಂಪಿಯವರೇ ಉಳಿಯಲಿಲ್ಲವಲ್ಲ ಎಂದೆ. 1565ರಲ್ಲಿ ರಕ್ಕಸತಂಗಡಿಯ ಯುದ್ಧದಲ್ಲಿ ದಖ್ಖನಿನ ಸುಲ್ತಾನರ ತೋಪುಗಳೆದುರು ವಿಜಯನಗರದ ಸೈನ್ಯ ಚದುರಿತು. ಸುತ್ತುಸುತ್ತಿನ ಕೋಟೆ ಊರನ್ನು ಕಾಯಲಿಲ್ಲ. ನಿನ್ನೆಯ ಆಯುಧಕ್ಕೆ ಇಂದಿನ ವೈರಿ ಹೆದರುವುದಿಲ್ಲ.

ಅಣ್ವಸ್ತ್ರದ ಮಾತೂ ಇಷ್ಟೇ. ನಮ್ಮ ತುಮಕೂರಿನ ರಾಜಾ ರಾಮಣ್ಣನವರ ನೇತೃತ್ವದಲ್ಲಿ 1974ರಲ್ಲಿ ನಡೆದ ಪೋಖರಣ್ ಸ್ಫೋಟದಿಂದಲೇ ಕೆಲಸ ಮುಗಿಯಲಿಲ್ಲ. ತಾನಾಗಿ ಮೊದಲು ಅಣ್ವಸ್ತ್ರ ಬಳಸುವುದಿಲ್ಲವೆಂದು ದೇಶ ಮಾತು ಕೊಟ್ಟಿದೆ. ಹಾಗಾದರೆ ಮೊದಲ ಏಟು ತಿಂದೂ ಉಳಿಯುವ ಬಲ ಬೇಕು. ಅದಕ್ಕೇ 2016ರಲ್ಲಿ ಅರಿಹಂತ್ ಜಲಾಂತರ್ಗಾಮಿ ನೌಕಾಪಡೆಯನ್ನು ಸೇರಿತು.

ಹಿರೋಷಿಮಾದ ಪಾಠ ಮಾಡುವಾಗ ನನ್ನ ದನಿ ಇಂದಿಗೂ ನಡುಗುತ್ತದೆ. ಆದರೂ ಹೇಳುತ್ತೇನೆ: ಕತ್ತಿ ಒರೆಯಲ್ಲೇ ಇರಲಿ, ತುಕ್ಕು ಮಾತ್ರ ಹಿಡಿಯದಿರಲಿ.