ತಾರಸಿಗೆ ಬಂದ ಕಾನೂನು

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ – ಯಾವುದೇ ಊರಿನ ಹೊಸ ಬಡಾವಣೆಯಲ್ಲಿ ನಿಂತು ತಾರಸಿಗಳತ್ತ ನೋಡಿ. ನೀರಿನ ಟ್ಯಾಂಕಿನ ಪಕ್ಕದಲ್ಲಿ ದಕ್ಷಿಣಕ್ಕೆ ಮುಖಮಾಡಿದ ಸೋಲಾರ್ ಹೀಟರುಗಳು ಕಾಣುತ್ತವೆ. ಇವೆಲ್ಲ ಮನೆಯೊಡೆಯರ ಉತ್ಸಾಹದಿಂದಲೇ ಬಂದವಲ್ಲ.

ಸಂಸತ್ತು ಇಂಧನ ಸಂರಕ್ಷಣಾ ಕಾಯಿದೆಯನ್ನು ಅಂಗೀಕರಿಸಿದ್ದು 2001ರಲ್ಲಿ. ಅದರಡಿ ಮರುವರ್ಷ ಇಂಧನ ದಕ್ಷತಾ ಬ್ಯೂರೋ ಹುಟ್ಟಿತು. ಬ್ಯೂರೋದ ಕಟ್ಟಡ ಸಂಹಿತೆ ಹೊರಬಂದದ್ದು 2007ರ ಮೇ ತಿಂಗಳಲ್ಲಿ. ಗೋಡೆ, ಚಾವಣಿ, ಕಿಟಕಿ ಗಾಜು, ಹವಾನಿಯಂತ್ರಣ, ದೀಪ – ಎಲ್ಲಕ್ಕೂ ಅದರಲ್ಲಿ ಮಿತಿಗಳಿದ್ದವು. ಆದರೆ ಅದು 500 ಕಿಲೋವಾಟ್ ಇಲ್ಲವೇ ಹೆಚ್ಚು ವಿದ್ಯುತ್ ಹೊರೆಯ ವಾಣಿಜ್ಯ ಕಟ್ಟಡಗಳಿಗೆ, ಅದೂ ಐಚ್ಛಿಕವಾಗಿ. 250 ಗೀಸರುಗಳನ್ನು ಒಮ್ಮೆಗೇ ಹಚ್ಚಿದಷ್ಟು ಹೊರೆ ಅದು! ರೇಷ್ಮೆಗೂಡಿನ, ಬೊಂಬೆಗಳ ಊರುಗಳಿಗೆ ದೂರದ ಮಾತು. 2009ರಲ್ಲಿ ಕಚೇರಿ ಕಟ್ಟಡಗಳಿಗೆ ನಕ್ಷತ್ರ ದರ್ಜೆಯ ಪ್ರಮಾಣೀಕರಣ ಬಂತು; 2010ರ ತಿದ್ದುಪಡಿ ಸಂಹಿತೆಯ ಮಿತಿಯನ್ನು 100 ಕಿಲೋವಾಟಿಗೆ ಇಳಿಸಿತು. ಆಗಲೂ ಸಾಮಾನ್ಯ ಮನೆ ಹೊರಗೇ ಉಳಿಯಿತು.

ಮನೆಯ ಬಾಗಿಲಿಗೆ ಬಂದ ನಿಯಮವೇ ಬೇರೆ. 2007ರ ಆಗಸ್ಟ್‌ನಲ್ಲಿ ಈ ನಾಲ್ಕು ತಾಲ್ಲೂಕುಗಳು ಬೆಂಗಳೂರು ಗ್ರಾಮಾಂತರದಿಂದ ಬೇರ್ಪಟ್ಟು ರಾಮನಗರ ಜಿಲ್ಲೆಯಾದವು. (2025ರಲ್ಲಿ ಸಚಿವ ಸಂಪುಟ ಅದಕ್ಕೆ ಬೆಂಗಳೂರು ದಕ್ಷಿಣ ಎಂಬ ಹೆಸರನ್ನು ಒಪ್ಪಿತು.) ಆ ನವೆಂಬರ್‌ನಲ್ಲೇ ರಾಜ್ಯ ಸರ್ಕಾರ 2001ರ ಕಾಯಿದೆಯ ಅಧಿಕಾರ ಬಳಸಿ, ಪಟ್ಟಣಗಳಲ್ಲಿ 600 ಚದರಡಿ ಮೀರಿದ ಹೊಸ ಮನೆಗಳಿಗೆ ಸೋಲಾರ್ ಹೀಟರನ್ನು ಕಡ್ಡಾಯ ಮಾಡಿತು. ಅಳವಡಿಸಿದವರಿಗೆ ಬೆಸ್ಕಾಂ ಬಿಲ್ಲಿನಲ್ಲಿ ಯೂನಿಟ್ಟಿಗೆ 50 ಪೈಸೆ, ತಿಂಗಳಿಗೆ 50 ರೂಪಾಯಿ ಮೀರದಂತೆ ರಿಯಾಯಿತಿ ಸಿಗುತ್ತಿತ್ತು.

ಬಿಸಿನೀರಿಗೇ ಏಕೆ ಕೈಹಾಕಿದರು? ನೀವೇ ಲೆಕ್ಕ ಹಾಕಿ. 100 ಲೀಟರ್ ನೀರನ್ನು 25 ಡಿಗ್ರಿಯಿಂದ 60 ಡಿಗ್ರಿಗೆ ಕಾಯಿಸಲು ಸುಮಾರು 4 ಯೂನಿಟ್ ಬೇಕು. ಬಚ್ಚಲ ಹಂಡೆಗೆ ಸೌದೆ ಒಟ್ಟುತ್ತಿದ್ದ ಕಾಲದಲ್ಲಿ ಈ ಹೊರೆ ಕಾಡಿನದಾಗಿತ್ತು. ಗೀಸರ್ ಬಂದ ಮೇಲೆ ಊರಿಗೆ ಊರೇ ಬೆಳಿಗ್ಗೆ ಆರರಿಂದ ಒಂಬತ್ತರೊಳಗೆ ಅದನ್ನು ತಂತಿಯ ಮೇಲೆ ಹಾಕತೊಡಗಿತು.

ಆದೇಶ ಒಳ್ಳೆಯದೇ. ಆದರೆ ಅದು ಹೀಟರನ್ನು ನೋಡಿತು, ಅದರ ಕೆಳಗಿನ ಚಾವಣಿಯನ್ನು ನೋಡಲಿಲ್ಲ. ಚಾವಣಿಯ ಮಾತು ಬಂದದ್ದು 2018ರ ಡಿಸೆಂಬರ್‌ನಲ್ಲಿ, ವಸತಿ ಕಟ್ಟಡಗಳಿಗಾಗಿ ಬ್ಯೂರೋ ತಂದ ಇಕೋ ನಿವಾಸ ಸಂಹಿತೆಯಲ್ಲಿ. ಒಳಗೂ ಹೊರಗೂ ಒಂದು ಡಿಗ್ರಿ ವ್ಯತ್ಯಾಸವಿದ್ದಾಗ ಚಾವಣಿಯ ಪ್ರತಿ ಚದರ ಮೀಟರಿನಲ್ಲಿ 1.2 ವಾಟ್‌ಗಿಂತ ಹೆಚ್ಚು ಶಾಖ ಹರಿಯಬಾರದು ಎನ್ನುತ್ತದೆ ಅದು. ಉಷ್ಣರೋಧಕ ಪದರವಿಲ್ಲದ ಬರಿಯ ಕಾಂಕ್ರೀಟ್ ಚಾವಣಿ ಇದರ ಎರಡರಷ್ಟಕ್ಕೂ ಹೆಚ್ಚು ಶಾಖ ಬಿಡುತ್ತದೆ. ಆದರೆ ಈ ಸಂಹಿತೆಯೂ 500 ಚದರ ಮೀಟರ್ ನಿವೇಶನದಿಂದ ಆರಂಭ. ನಮ್ಮ 30–40ರ ಸೈಟು ಸುಮಾರು 111 ಚದರ ಮೀಟರ್ ಅಷ್ಟೆ!

ನೀವು ಮನೆ ಕಟ್ಟಿಸುವವರಾದರೆ, ಹೀಟರಿಗೆ ಜಾಗ ಗುರುತಿಸುವಾಗಲೇ ಚಾವಣಿಯ ಆ ಅಂಕಿ ಎಷ್ಟೆಂದು ಎಂಜಿನಿಯರನ್ನು ಕೇಳಿ.